ಗ್ಲಾನರೂ ಶೈಕ್ಷರೂ: ಮನೆಯೊಳಗಿನ ವೈಯಾವೃತ್ತ್ಯ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ವೈಯಾವೃತ್ತ್ಯಕ್ಕೆ ಪಾತ್ರರಾದ ಹತ್ತು ಬಗೆಯವರನ್ನು ಎಣಿಸಿದ್ದಾರೆ. ಆ ಎಣಿಕೆಯಲ್ಲಿ ಶೈಕ್ಷ, ಗ್ಲಾನ ಎಂಬ ಎರಡು ಪದಗಳು ಒಂದರ ಪಕ್ಕದಲ್ಲಿ ಇನ್ನೊಂದು ನಿಂತಿವೆ. ಶೈಕ್ಷನು ಕಲಿಕೆಯಲ್ಲಿ ತೊಡಗಿದವನು. ಗ್ಲಾನನು ರೋಗದಿಂದ ಬಳಲಿದವನು. ಸೂತ್ರವು ಹೇಳುವುದು ಮುನಿಸಂಘದ ಮಾತನ್ನು. ಗೃಹಸ್ಥರ ಮನೆಗೆ ಅದನ್ನು ಹಾಗೆಯೇ ಅನ್ವಯಿಸುವಂತಿಲ್ಲ. ಆದರೂ ನಮ್ಮ ಮನೆಗಳಲ್ಲಿ ಹಾಸಿಗೆ ಹಿಡಿದ ಅಜ್ಜಿಯೂ ಪ್ರಶ್ನೆ ಕೇಳುವ ಮೊಮ್ಮಗುವೂ ಒಂದೇ ಕೋಣೆಯಲ್ಲಿರುವುದುಂಟು. ಇಬ್ಬರ ಆರೈಕೆಯನ್ನೂ ಒಟ್ಟಾಗಿ ಚಿಂತಿಸುವುದಕ್ಕೆ ಈ ನೆರೆಹೊರೆ ಒಂದು ನೆಪವಾಗಲಿ.

ಮೊದಲು ವೃದ್ಧರ ಮಾತು. ಪರ್ವದ ದಿನಗಳು ಸಮೀಪಿಸಿದಂತೆ ಅನೇಕ ಮನೆಗಳಲ್ಲಿ ಒಂದು ಮೌನ ಕಲಹ ನಡೆಯುತ್ತದೆ. ಐವತ್ತು ವರ್ಷಗಳಿಂದ ಅಷ್ಟಮಿ ಚತುರ್ದಶಿಗಳನ್ನು ಬಿಡದೆ ಆಚರಿಸಿದ ತಾಯಿಗೆ ಈಗ ಸಕ್ಕರೆ ಕಾಯಿಲೆ. ಉಪವಾಸ ಬೇಡವೆಂದು ಮಗನ ಹಟ. ವ್ರತಭಂಗವಾಗುವುದೆಂದು ತಾಯಿಯ ಕಣ್ಣೀರು. ಕೆಲವರು ಮಾತ್ರೆಯನ್ನು ಗುಟ್ಟಾಗಿ ಬಿಟ್ಟುಬಿಡುತ್ತಾರೆ. ಇದು ತಪಸ್ಸಲ್ಲ, ಅಪಾಯ. ಸಕ್ಕರೆಯನ್ನು ಇಳಿಸುವ ಔಷಧಿಯನ್ನು ಸೇವಿಸಿ ಆಹಾರವನ್ನು ಬಿಟ್ಟರೆ ರಕ್ತದಲ್ಲಿನ ಸಕ್ಕರೆ ಹಠಾತ್ತಾಗಿ ಕುಸಿದು ಪ್ರಜ್ಞೆ ತಪ್ಪಬಹುದು. ಔಷಧಿಯನ್ನೇ ಬಿಟ್ಟರೆ ಅದು ಮಿತಿಮೀರಿ ಏರಬಹುದು. ಪ್ರಜ್ಞೆಯೇ ಇಲ್ಲದ ಮೇಲೆ ಣಮೋಕಾರದ ಸ್ಮರಣೆ ಎಲ್ಲಿಂದ ಬಂದೀತು?

ಆದರೆ ವ್ರತವೇ ಬೇಡವೆಂದು ಗದರುವುದೂ ಆರೈಕೆಯಲ್ಲ. ವ್ರತವನ್ನು ಕಳೆದುಕೊಂಡ ಮುದುಕಿ ತನ್ನನ್ನೇ ಕಳೆದುಕೊಂಡಂತೆ ಕೊರಗುವುದನ್ನು ಕಂಡವರು ಬಲ್ಲರು. ಬಾಹ್ಯ ತಪಸ್ಸು ಅನಶನವೊಂದೇ ಅಲ್ಲವಷ್ಟೆ. ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯವಿದೆ. ಹಾಲು, ತುಪ್ಪ, ಬೆಲ್ಲ, ಉಪ್ಪು ಮೊದಲಾದ ರಸಗಳಲ್ಲಿ ಒಂದನ್ನೋ ಎರಡನ್ನೋ ತೊರೆಯುವ ರಸಪರಿತ್ಯಾಗವಿದೆ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲದ ತ್ಯಾಗವು ವೈದ್ಯರ ಸಲಹೆಗೂ ಒಪ್ಪುವಂಥದು. ಅದನ್ನು ಪಥ್ಯವೆಂದು ಹೇರುವುದಕ್ಕೂ ವ್ರತವೆಂದು ಆಕೆಯೇ ಸ್ವೀಕರಿಸುವುದಕ್ಕೂ ಅಜಗಜಾಂತರವುಂಟು. ಇನ್ನು ಸೂರ್ಯಾಸ್ತದ ಬಳಿಕ ಏನನ್ನೂ ಮುಟ್ಟದವರ ಸಂಜೆಯ ಔಷಧಿಯನ್ನು ಹಗಲಿನಲ್ಲಿಯೇ ಕೊಡಲು ಸಾಧ್ಯವೇ ಎಂದು ವೈದ್ಯರನ್ನು ಮೊದಲೇ ಕೇಳಬೇಕು. ಕೇಳುವುದಕ್ಕೆ ಸಂಕೋಚವೇಕೋ ತಿಳಿಯದು.

ಅಂತ್ಯಕಾಲದ ಸಲ್ಲೇಖನವು ಇದರಿಂದ ಬೇರೆಯಾದ ವಿಷಯ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯವು ಅದನ್ನು ಆತ್ಮಹತ್ಯೆಗೆ ಸಮವೆಂದು ತೀರ್ಪಿತ್ತಾಗ, ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ನ್ಯಾಯಾಲಯದ ವಾದ ಹಾಗಿರಲಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇಟ್ಟಿರುವ ಕ್ರಮವನ್ನು ಗಮನಿಸಬೇಕು. ಮೊದಲು ಸ್ನೇಹ, ವೈರ, ಪರಿಗ್ರಹಗಳ ತ್ಯಾಗ, ಸ್ವಜನರಿಗೂ ಪರಿಜನರಿಗೂ ಕ್ಷಮೆಯಿತ್ತು ಅವರಿಂದ ಕ್ಷಮೆ ಬೇಡುವುದು, ಬಳಿಕ ಆಲೋಚನೆ. ಅನ್ನದ ಮಾತು ಬರುವುದು ಇವೆಲ್ಲವೂ ಆದ ಮೇಲೆ, ಅದೂ ಮೆಟ್ಟಿಲು ಮೆಟ್ಟಿಲಾಗಿ. ಸೊಸೆಯೊಡನೆ ಹತ್ತು ವರ್ಷ ಮಾತು ಬಿಟ್ಟಿರುವ ವೃದ್ಧರು ಅನ್ನ ಬಿಡುವುದಕ್ಕೆ ಮುನ್ನ ಬಿಡಬೇಕಾದದ್ದು ಬೇರೆಯೇ ಇದೆ. ಬದುಕುವ ಆಸೆಯಂತೆ ಬೇಗ ಸಾಯುವ ಆಸೆಯೂ ಅತಿಚಾರವೆಂದು ಶಾಸ್ತ್ರವು ಹೇಳುತ್ತದೆ. ಮಕ್ಕಳಿಗೆ ಹೊರೆಯಾದೆನೆಂಬ ಬೇಸರದಿಂದ ಅನ್ನವನ್ನು ತಳ್ಳುವ ಮುದುಕರಿಗೆ ಬೇಕಾದದ್ದು ಮೊದಲು ಒಳ್ಳೆಯ ಮಾತು. ಅದನ್ನು ಸಲ್ಲೇಖನವೆಂದು ಕರೆದು ಮೆರೆಸುವುದು ಮನೆಯವರಿಗೆ ತರವಲ್ಲ.

ಈಗ ಮಕ್ಕಳ ಮಾತು. ಎಂಟು ವರ್ಷ ತುಂಬದ ಮಗುವಿಗೆ ಸಂಯಮವು ಸಾಧ್ಯವಿಲ್ಲವೆಂದು ನಮ್ಮ ಆಗಮದ ಅಭಿಪ್ರಾಯ. ಹಾಗಿರುವಾಗ ಐದಾರು ವರ್ಷದ ಮಗುವಿನಿಂದ ಉಪವಾಸ ಮಾಡಿಸಿ ಬಸದಿಯಲ್ಲಿ ಹಾರ ಹಾಕಿಸುವುದು ಯಾರ ಸಂತೋಷಕ್ಕೆ? ಮಗುವಿಗೆ ತಕ್ಕುದು ನಿಯಮ. ಯಾವಜ್ಜೀವವಾಗಿ ಹಿಡಿಯುವುದು ಯಮ, ಕಾಲದ ಮಿತಿಯುಳ್ಳದ್ದು ನಿಯಮ ಎಂಬ ವಿಭಾಗವನ್ನು ಸಮಂತಭದ್ರರೇ ಮಾಡಿದ್ದಾರೆ. ಆಹಾರ, ವಾಹನ, ಶಯನ, ಸ್ನಾನ, ಹೂವು, ಸಂಗೀತ ಹೀಗೆ ಯಾವುದರಲ್ಲಿಯೂ ಒಂದು ದಿನಕ್ಕೋ ಒಂದು ಪಕ್ಷಕ್ಕೋ ಮಿತಿಯನ್ನು ಇಟ್ಟುಕೊಳ್ಳಬಹುದು. ಯಾವುದಕ್ಕೆ ಮಿತಿ ಎಂಬುದನ್ನು ಮಗುವೇ ಯೋಚಿಸಲಿ. ‘ಇವತ್ತು ನಾನು ಇರುವೆಯ ಸಾಲನ್ನು ದಾಟುವುದಿಲ್ಲ, ಸುತ್ತಿಕೊಂಡು ಹೋಗುತ್ತೇನೆ’ ಎಂದು ಮಗು ನಿಶ್ಚಯಿಸಿದರೆ, ನಾವು ಬಾಯಿಪಾಠ ಮಾಡಿಸಿದ ಹತ್ತು ನಿಯಮಗಳಿಗಿಂತ ಅದು ಮೇಲು.

ಹೊಸದನ್ನು ಯೋಚಿಸುವ ಈ ಶಕ್ತಿಗೆ ನಮ್ಮ ಆಚಾರದಲ್ಲಿಯೇ ಎಡೆಯಿದೆ. ಮುನಿಗಳು ಆಹಾರಕ್ಕೆ ಹೊರಡುವ ಮುನ್ನ ಮನಸ್ಸಿನಲ್ಲಿಯೇ ಒಂದು ವಿಧಿಯನ್ನು ಸಂಕಲ್ಪಿಸಿಕೊಳ್ಳುವುದುಂಟು. ಇಂಥ ವಸ್ತುವನ್ನು ಹಿಡಿದವರು ಕಂಡರೆ ಮಾತ್ರ ಆಹಾರ. ವೃತ್ತಿಪರಿಸಂಖ್ಯಾನವೆಂದು ಇದಕ್ಕೆ ಹೆಸರು. ಒಬ್ಬರು ಕಲಶ, ಒಬ್ಬರು ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತಿರುವಾಗ, ಇಂದಿನ ವಿಧಿ ಏನಿದ್ದೀತೆಂದು ಊಹಿಸುವ ಮಕ್ಕಳ ಉತ್ಸಾಹವನ್ನು ಹಿರಿಯರು ಗದರಿ ಅಡಗಿಸಬಾರದು. ವಿಧಿ ಸೇರದೆ ಮುನಿಗಳು ನಿರಾಹಾರರಾಗಿ ಮರಳಿದ ದಿನ ಮಗು ಕೇಳುವ ‘ಏಕೆ?’ ಎಂಬ ಪ್ರಶ್ನೆಗೆ ಬೆಲೆಯುಂಟು.

ಸ್ವಾಧ್ಯಾಯದ ಐದು ಭೇದಗಳಲ್ಲಿ ವಾಚನೆಯ ನಂತರ ಬರುವುದೇ ಪೃಚ್ಛನೆ, ಅಂದರೆ ಕೇಳುವುದು. ಹಾಸಿಗೆಯಲ್ಲಿರುವ ಅಜ್ಜಿಗೆ ಕಣ್ಣು ಮಂಜಾಗಿ ಓದಲಾಗದಿದ್ದರೆ ಮೊಮ್ಮಗುವು ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯನ್ನು ಸರಳವಾದ ಗದ್ಯದಲ್ಲಿ ಓದಿ ಹೇಳಲಿ. ಹಿಂದಿನ ಜನ್ಮದ ವೈರದಿಂದ ನರಿಯು ಮರಿಗಳೊಡನೆ ಬಂದು ಮುನಿಯ ಕಾಲನ್ನು ತಿನ್ನುವ ಭಾಗಕ್ಕೆ ಬಂದಾಗ, ‘ವೈರ ತಾಯಿನರಿಯದು, ಮರಿಗಳಿಗೆ ಪಾಪ ಬಂತೇ ಅಜ್ಜಿ?’ ಎಂದು ಮಗು ಕೇಳಿದರೆ ಚಟ್ಟನೆ ಉತ್ತರ ಕೊಡಬೇಕಾಗಿಲ್ಲ. ‘ನಿನಗೇನು ತೋರುತ್ತದೆ, ಮಗೂ?’ ಎಂದು ತಿರುಗಿ ಕೇಳಿದರೆ ಸಾಕು. ಅಜ್ಜಿಗೂ ಅದು ಆ ರಾತ್ರಿಯ ಅನುಪ್ರೇಕ್ಷೆಯಾಗುತ್ತದೆ. ಶ್ರವಣಬೆಳಗೊಳದ ಜೈನಮಠದ ಗೋಡೆಯಲ್ಲಿ ಚಿತ್ರಿತವಾಗಿರುವ ಲೇಶ್ಯಾವೃಕ್ಷವನ್ನೂ ಹೀಗೆಯೇ ಬಳಸಬಹುದು. ಹಣ್ಣಿಗಾಗಿ ಬುಡವನ್ನೇ ಕಡಿಯುವವನಿಂದ ಹಿಡಿದು ಬಿದ್ದ ಹಣ್ಣನ್ನು ಆಯುವವನವರೆಗೆ ಆರು ಮಂದಿ. ಏಳನೆಯವನೊಬ್ಬನು ಬಂದರೆ ಏನು ಮಾಡಿಯಾನೆಂದು ಮಗು ಚಿತ್ರ ಬರೆಯಲಿ.

ಭಾದ್ರಪದ ಶುಕ್ಲ ಪಂಚಮಿಗೆ ದಶಲಕ್ಷಣ ಪರ್ವವು ತೊಡಗುತ್ತದೆ. ಅದಕ್ಕೆ ಹದಿನೈದು ದಿನ ಮುಂಚೆಯೇ ಹಿರಿಯರನ್ನು ವೈದ್ಯರ ಬಳಿ ಕರೆದೊಯ್ದು, ಯಾವ ದಿನ ಏಕಭುಕ್ತ, ಯಾವ ದಿನ ಯಾವ ರಸದ ತ್ಯಾಗ ಎಂಬುದನ್ನು ಅವರ ಇಚ್ಛೆಯಂತೆಯೇ ಒಂದು ಹಾಳೆಯಲ್ಲಿ ಬರೆದಿಡುವುದು ಒಳ್ಳೆಯದು. ಅಕ್ಷರ ಕಲಿತ ಮೊಮ್ಮಗುವಿದ್ದರೆ ಆ ಹಾಳೆಯನ್ನು ಅದೇ ಬರೆಯಲಿ, ಕೆಳಗೆ ತನ್ನ ನಿಯಮಕ್ಕೂ ಒಂದು ಸಾಲು ಬಿಟ್ಟುಕೊಂಡು.