ಒಂಬತ್ತು ಕೀಲಿಗಳ ಮಣೆ

ಗಣಕಯಂತ್ರದ ಆಟಗಳಲ್ಲಿ ಆಸಕ್ತಿಯುಳ್ಳವರು ದೊಡ್ಡ ಕೀಲಿಮಣೆಯ ಪಕ್ಕದಲ್ಲಿ ಅಂಗೈಯಗಲದ ಮತ್ತೊಂದು ಮಣೆಯನ್ನು ಇರಿಸಿಕೊಳ್ಳುವುದುಂಟು. ಇದಕ್ಕೆ ಮ್ಯಾಕ್ರೊ ಪ್ಯಾಡ್ ಎಂದು ಹೆಸರು. ಹಲವು ಕೀಲಿಗಳನ್ನು ಒಂದಾದ ಮೇಲೊಂದರಂತೆ ಒತ್ತುವ ಕೆಲಸವನ್ನು ಒಂದೇ ಕೀಲಿಗೆ ವಹಿಸುವುದು ಇದರ ಉದ್ದೇಶ. ಬೆಸುಗೆ ಹಾಕಬಲ್ಲ ವಿದ್ಯಾರ್ಥಿಯು ಇದನ್ನು ಸ್ವತಃ ರಚಿಸಬಹುದು.

ಮೊದಲಿಗೆ ಒಂದು ತೆಳು ಹಲಗೆಯಲ್ಲಿ 14 ಮಿಲಿಮೀಟರ್ ಅಗಲದ ಒಂಬತ್ತು ಚೌಕ ರಂಧ್ರಗಳನ್ನು ಕೊರೆಯಬೇಕು. ಅವುಗಳ ನಡುಬಿಂದುಗಳಿಗೆ 19.05 ಮಿಲಿಮೀಟರ್ ಅಂತರವಿರಬೇಕು. ಪ್ರತಿ ರಂಧ್ರದಲ್ಲಿಯೂ ಸ್ಪ್ರಿಂಗ್ ಉಳ್ಳ ಒಂದು ಸ್ವಿಚ್ ಕೂರುತ್ತದೆ. ಸಾಮಾನ್ಯ ಬಗೆಯ ಸ್ವಿಚ್ 4 ಮಿಲಿಮೀಟರ್ ಇಳಿಯುತ್ತದೆ. ಆದರೆ ಸುಮಾರು 2 ಮಿಲಿಮೀಟರ್ ಇಳಿದಾಗಲೇ ಒಳಗಿನ ಲೋಹಗಳು ತಾಗಿ ವಿದ್ಯುತ್ತು ಹರಿಯುತ್ತದೆ.

ಒಂಬತ್ತು ಸ್ವಿಚ್ಚುಗಳಿಗೆ ಒಂಬತ್ತು ಬೇರೆ ತಂತಿಗಳು ಬೇಕಿಲ್ಲ. ಮೂರು ಅಡ್ಡಸಾಲು, ಮೂರು ಉದ್ದಸಾಲುಗಳಾಗಿ ಜೋಡಿಸಿದರೆ ಆರು ತಂತಿಗಳು ಸಾಕು. ಮೈಕ್ರೊಕಂಟ್ರೋಲರ್ ಎಂಬ ಚಿಪ್ಪು ಒಂದೊಂದೇ ಉದ್ದಸಾಲನ್ನು ಸರದಿಯಂತೆ ಪರೀಕ್ಷಿಸಿ, ಯಾವ ಅಡ್ಡಸಾಲಿನಿಂದ ಉತ್ತರ ಬಂದಿತೆಂಬುದರಿಂದ ಒತ್ತಿದ ಕೀಲಿಯನ್ನು ಗುರುತಿಸುತ್ತದೆ. ಆಯತದ ಮೂರು ಮೂಲೆಗಳ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ನಾಲ್ಕನೆಯದೂ ಒತ್ತಿದಂತೆ ಭಾಸವಾಗುವ ದೋಷವುಂಟು. ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡನ್ನು ಪ್ರತಿ ಸ್ವಿಚ್ಚಿಗೂ ಬೆಸೆದರೆ ಈ ದೋಷ ನೀಗುತ್ತದೆ. ಲೋಹಗಳು ತಾಗುವಾಗ ಕ್ಷಣಕಾಲ ಅದುರುವುದರಿಂದ ಒಂದು ಒತ್ತು ಹಲವಾಗಿ ಕಾಣಬಹುದು. ಆದಕಾರಣ ಚಿಪ್ಪಿನ ತಂತ್ರಾಂಶವು ಸುಮಾರು 5 ಮಿಲಿಸೆಕೆಂಡು ತಡೆದು ನಿರ್ಧರಿಸುತ್ತದೆ. ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶವು ಇದಕ್ಕೆ ಉಚಿತವಾಗಿ ದೊರೆಯುತ್ತದೆ.

ಸೀತೂರಿನಂತಹ ಮಲೆನಾಡಿನ ಊರುಗಳಲ್ಲಿ ಇನ್ನೊಂದು ಎಚ್ಚರಿಕೆಯೂ ಅವಶ್ಯಕ. ಮಳೆಗಾಲದ ತೇವಕ್ಕೆ ತಾಮ್ರ ಕಿಲುಬು ಹಿಡಿಯುತ್ತದೆ. ಬೆಸುಗೆಯ ಬಳಿಕ ಅಂಟಿದ ಜಿಡ್ಡನ್ನು ಒರೆಸಿ, ಕೆಳಭಾಗವನ್ನು ಮುಚ್ಚಿ, ಬಳಸದಿದ್ದಾಗ ಮಣೆಯನ್ನು ಮುಚ್ಚಳದ ಡಬ್ಬಿಯಲ್ಲಿ ಇರಿಸುವುದು ಲೇಸು.

ಈ ಮಣೆ ಆಟಕ್ಕೆ ಮಾತ್ರ ಮೀಸಲಲ್ಲ. ಕೆ.ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರವು ಅಂಗೀಕರಿಸಿದ ಕೀಲಿಮಣೆ ವಿನ್ಯಾಸದಲ್ಲಿ ಇಂಗ್ಲಿಷ್ ಕೀಲಿಗಳಿಂದಲೇ ಕನ್ನಡವನ್ನೆಲ್ಲ ಬರೆಯಬಹುದು. ಅದರಲ್ಲಿ ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರ ಎಂದು ಆರು ಒತ್ತುಗಳು ಬೇಕು. ಪುಟ್ಟ ಮಣೆಯ ಒಂದು ಕೀಲಿಗೆ ಈ ಆರನ್ನೂ ಕಲಿಸಿದರೆ ಒಂದೇ ಒತ್ತಿಗೆ ಅಕ್ಷರ ಮೂಡುತ್ತದೆ. ಬೆರಳುಗಳಲ್ಲಿ ನೋವುಳ್ಳವರಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಅದೇ ಸೌಕರ್ಯವು ಸ್ಪರ್ಧೆಯಲ್ಲಿ ಅನ್ಯಾಯವಾಗಬಲ್ಲದು. ಕೌಂಟರ್-ಸ್ಟ್ರೈಕ್ 2 ಆಟದ ನಿರ್ಮಾತೃಗಳಾದ ವಾಲ್ವ್ ಸಂಸ್ಥೆಯವರು 2024ರ ಆಗಸ್ಟ್ ತಿಂಗಳಲ್ಲಿ, ಒಂದೇ ಒತ್ತಿನಿಂದ ಹಲವು ಚಲನೆಗಳನ್ನು ನಡೆಸುವ ಏರ್ಪಾಡುಗಳನ್ನು ತಮ್ಮ ಅಧಿಕೃತ ಸರ್ವರುಗಳಲ್ಲಿ ನಿಷೇಧಿಸಿದರು. ಎದುರಾಳಿಯು ಕೈಚಳಕದಿಂದ ಸಾಧಿಸುವುದನ್ನು ಯಂತ್ರದಿಂದ ಮಾಡಿಸಿಕೊಂಡವನು ಗೆದ್ದರೂ ಆ ಗೆಲುವು ಅವನದಾಗುವುದಿಲ್ಲ.

ಕೀಲಿಗೆ ತನ್ನದೇ ಆದ ಅರ್ಥವಿಲ್ಲ. ಕಟ್ಟಿದವನು ಕೊಟ್ಟುದೇ ಅದರ ಅರ್ಥ. ಯಾವ ಶ್ರಮವನ್ನು ಯಂತ್ರಕ್ಕೆ ಒಪ್ಪಿಸಬೇಕು, ಯಾವುದನ್ನು ತನ್ನ ಕೈಯಲ್ಲೇ ಉಳಿಸಿಕೊಳ್ಳಬೇಕು ಎಂಬ ವಿವೇಕವನ್ನು ವಿದ್ಯಾರ್ಥಿಯು ಬೆಸುಗೆಯೊಡನೆಯೇ ಕಲಿಯತಕ್ಕದ್ದು.