ಗಿರಾಕಿಗಳ ದೂರವಾಣಿ ಸಂಖ್ಯೆಗಳನ್ನು ಒಂದೇ ಕ್ರಮದಲ್ಲಿ ಬರೆದಿಡುವ ವಿಧಾನ

(ಅಗ್ರಿಕಲ್ಚರಲ್ ಇನ್‌ಸ್ಪೆಕ್ಟರ್, ಎಲ್.ಎಜಿ.)

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಬಾದಾಮಿ, ಸೇಂದೂರ, ರಸಪುರಿ, ತೋತಾಪುರಿ ಮಾವಿನ ತೋಪುಗಳು ವಿಶೇಷವಾಗಿರುವುದು ಸರ್ವರಿಗೂ ತಿಳಿದ ವಿಷಯ. ಬೆಂಗಳೂರು ಸಮೀಪದಲ್ಲಿರುವುದರಿಂದ, ಹಣ್ಣನ್ನು ಮಂಡಿಗೆ ಹಾಕದೆ ನೇರವಾಗಿ ಮನೆಗಳಿಗೆ ಮಾರುವ ಬೆಳೆಗಾರರೂ ಇಲ್ಲಿ ಇದ್ದಾರೆ. ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ತನ್ನ ಕರ್ಸಿರಿ ಜಾಲತಾಣದ ಮೂಲಕ, ಅಂಚೆ ಇಲಾಖೆಯ ನೆರವಿನಿಂದ, ಇಂತಹ ಮಾರಾಟಕ್ಕೆ ಏರ್ಪಾಡು ಮಾಡಿದ್ದುಂಟು. ಈ ವ್ಯಾಪಾರದಲ್ಲಿ ಗಿರಾಕಿಯ ಗುರುತು ಅವನ ದೂರವಾಣಿ ಸಂಖ್ಯೆಯೇ. ತೋಪಿನ ಮರಗಳಿಗೆ ನಂಬರು ಹಾಕಿಸುವ ರೈತನು ಈ ಸಂಖ್ಯೆಗಳನ್ನು ಮಾತ್ರ ಮನಬಂದಂತೆ ಬರೆದಿಡುವುದು ಆಶ್ಚರ್ಯಕರವಾಗಿದೆ.

ಅಕ್ರಮದ ಕಾರಣಗಳು

ಒಬ್ಬನೇ ಗಿರಾಕಿಯ ಸಂಖ್ಯೆಯು ಒಮ್ಮೆ ಬರಿಯ ಹತ್ತು ಅಂಕಿಗಳಲ್ಲಿಯೂ, ಒಮ್ಮೆ ಮುಂದೆ 0 ಸೇರಿಯೂ, ಮತ್ತೊಮ್ಮೆ +91 ಸೇರಿಯೂ, ನಡುವೆ ಅಡ್ಡಗೆರೆಯೊಡನೆಯೂ ಬರುವುದುಂಟು. ಇದು ಗಿರಾಕಿಯ ತಪ್ಪಲ್ಲ. 2021ನೆಯ ಜನವರಿ 15ರಿಂದ ಸ್ಥಿರ ದೂರವಾಣಿಯಿಂದ ಮೊಬೈಲಿಗೆ ಕರೆ ಮಾಡುವವರು ಮೊದಲು 0 ಒತ್ತಬೇಕೆಂಬ ನಿಯಮವಿದೆ. ಆದುದರಿಂದ ಕೆಲವರು ಬರೆಯುವಾಗಲೂ ಅದನ್ನು ಸೇರಿಸುವರು. ಗಣಕಯಂತ್ರದ ಕೋಷ್ಟಕವೂ, ಅಂಕಣವನ್ನು ‘ಪಠ್ಯ’ವೆಂದು ಮೊದಲೇ ನಿಗದಿಮಾಡದಿದ್ದರೆ, ಮುಂದಿನ 0ಯನ್ನು ನುಂಗಿಬಿಡುವುದು.

ಇದರಿಂದ ಆಗುವ ನಷ್ಟ

ಯಂತ್ರಕ್ಕೆ ಈ ನಾಲ್ಕು ಬರಹಗಳೂ ನಾಲ್ವರು ಗಿರಾಕಿಗಳೇ. ಪಟ್ಟಿಯಲ್ಲಿ ನೂರು ಸಾಲುಗಳಿದ್ದು ಮನೆಗಳು ಅರವತ್ತೇ ಇದ್ದರೆ, ಜಾಹೀರಾತಿನಿಂದ ಹೊಸಬರು ಬಂದರೆಂದು ಭ್ರಮಿಸಿ ರೈತನು ಮತ್ತಷ್ಟು ಹಣವನ್ನು ಅದಕ್ಕೇ ಸುರಿಯುವನು. ಹಳೆಯ ಗಿರಾಕಿಯು ಮರಳಿ ಬಂದದ್ದೂ ತಿಳಿಯಲಾರದು.

ಈ ಲೇಖಕನ ಅನುಭವವೊಂದನ್ನು ಮರೆಮಾಚದೆ ಹೇಳುವುದು ಉಚಿತ. ಬೆಳೆಗಾರರ ಒಂದು ಗುಂಪಿನ ಪಟ್ಟಿಯನ್ನು ಸರಿಪಡಿಸುವಾಗ, 91ರಿಂದ ಆರಂಭವಾಗುವ ಸಂಖ್ಯೆಗಳೆಲ್ಲದರಿಂದಲೂ ಆ ಎರಡು ಅಂಕಿಗಳನ್ನು ತೆಗೆಯಿರೆಂದು ನಾನೇ ಸಲಹೆ ಕೊಟ್ಟೆನು. ಸ್ವಂತ ಸಂಖ್ಯೆಯೇ 91ರಿಂದ ಆರಂಭವಾಗುವವರೂ ಉಂಟೆಂಬುದು ನೆನಪಾಗಲಿಲ್ಲ. ಅವರ ಸಂಖ್ಯೆಗಳು ಎಂಟು ಅಂಕಿಗಳಿಗೆ ಇಳಿದವು. ಹಣ್ಣು ಸಿದ್ಧವಾಗಿದೆಯೆಂಬ ಸಂದೇಶವು ಅವರಿಗೆ ತಲುಪಲಿಲ್ಲ. ಅವರಿಗೆಂದು ಕಟ್ಟಿಟ್ಟಿದ್ದ ಬಾದಾಮಿ ಪೆಟ್ಟಿಗೆಗಳು ಅತಿಯಾಗಿ ಮಾಗಿ ಕೆಟ್ಟವು. ಮೂಲ ಪಟ್ಟಿಯನ್ನು ಉಳಿಸಿಕೊಂಡಿದ್ದುದರಿಂದ ಸಂಖ್ಯೆಗಳು ಮರಳಿ ದೊರೆತವು; ಹಣ್ಣು ದೊರೆಯಲಿಲ್ಲ.

ಅನುಸರಿಸತಕ್ಕ ಕ್ರಮ

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ‘ಇ.164’ ಎಂಬ ಕ್ರಮದಲ್ಲಿ + ಚಿಹ್ನೆ, ದೇಶದ ಸಂಕೇತ, ಬಳಿಕ ದೇಶದೊಳಗಣ ಸಂಖ್ಯೆ ಇರುವುದು. ಅಂಕಿಗಳು ಒಟ್ಟು 15ನ್ನು ಮೀರವು. ಭಾರತದ ಸಂಕೇತವು 91.

(1) ಮೂಲ ಬರಹವನ್ನು ಅಳಿಸದೆ, ಪಕ್ಕದ ಅಂಕಣದಲ್ಲಿ ತಿದ್ದಿದ ಸಂಖ್ಯೆಯನ್ನು ಬರೆಯತಕ್ಕದ್ದು.

(2) ತೆರಪು, ಅಡ್ಡಗೆರೆ, ಚುಕ್ಕಿ, ಆವರಣಗಳನ್ನು ತೆಗೆದು, ಕನ್ನಡ ಅಂಕಿಗಳಿದ್ದರೆ ಬದಲಾಯಿಸಿ, ಅಂಕಿಗಳನ್ನು ಎಣಿಸಬೇಕು. ಮೊದಲ ಅಂಕಿಗಳನ್ನು ಮಾತ್ರ ನೋಡಿ ಏನನ್ನೂ ತೆಗೆಯಬಾರದು.

(3) ಹತ್ತು ಅಂಕಿಗಳಿದ್ದು ಮೊದಲನೆಯದು 6, 7, 8 ಅಥವಾ 9 ಆದರೆ ಅದನ್ನು ಮೊಬೈಲೆಂದು ಎಣಿಸಿ +91 ಸೇರಿಸಬೇಕು. ಹನ್ನೆರಡಿದ್ದು 91ರಿಂದ ಆರಂಭವಾದರೆ + ಮಾತ್ರ ಸಾಕು. ಹನ್ನೊಂದಿದ್ದು ಮೊದಲು 0 ಇದ್ದರೆ ಅದನ್ನು ತೆಗೆದು +91 ಸೇರಿಸಬೇಕು.

(4) 080ರಿಂದ ಆರಂಭವಾಗುವ ಹನ್ನೊಂದು ಅಂಕಿಗಳಲ್ಲಿ ಎಚ್ಚರಿಕೆ ಬೇಕು. 0 ತೆಗೆದ ಮೇಲೆ ಬೆಂಗಳೂರಿನ ಸ್ಥಿರ ದೂರವಾಣಿಯೂ 80ರಿಂದ ಆರಂಭವಾಗುವ ಮೊಬೈಲಿನಂತೆಯೇ ಕಾಣುವುದು. ಕೇಳಿ ತಿಳಿದು, ಸ್ಥಿರ ದೂರವಾಣಿಗೆ ಬೇರೆ ಅಂಕಣವನ್ನಿಡತಕ್ಕದ್ದು.

(5) ಅಮೆರಿಕದಲ್ಲಿರುವ ಮಕ್ಕಳು ಬೆಂಗಳೂರಿನ ತಂದೆತಾಯಿಗಳಿಗೆ ಹಣ್ಣು ಕಳುಹಿಸಲು ಬರೆಯುವುದುಂಟು. ಅಲ್ಲಿನ ಸಂಖ್ಯೆಯೂ ಹತ್ತೇ ಅಂಕಿಗಳದು. ಆದುದರಿಂದ ಸಂಖ್ಯೆ ಯಾವ ದೇಶದ್ದೆಂದು ಕೇಳಲೇಬೇಕು. ಆ ದೇಶದ ಸಂಕೇತವು 1.

(6) ಬೇರೆ ಎಣಿಕೆ ಬಂದರೆ ಊಹಿಸದೆ ಗಿರಾಕಿಯನ್ನೇ ಕೇಳತಕ್ಕದ್ದು.

ಜಾಹೀರಾತಿನ ಲೆಕ್ಕ

ಜಾಹೀರಾತನ್ನು ನೋಡಿ ಬಂದವರಾರೆಂದು ತಾಳೆ ನೋಡಲು ಗೂಗಲ್, ಮೆಟಾ ಮುಂತಾದ ಸಂಸ್ಥೆಗಳಿಗೆ ಸಂಖ್ಯೆಯನ್ನು ‘ಎಸ್‌ಎಚ್‌ಎ-256’ ಎಂಬ ಗಣಿತಕ್ರಮದಿಂದ 64 ಅಕ್ಷರಾಂಕಿಗಳ ಸಂಕೇತವಾಗಿ ಮಾರ್ಪಡಿಸಿ ಕಳುಹಿಸುವರು. ಒಂದು ತೆರಪು ಹೆಚ್ಚಾದರೂ ಸಂಕೇತವು ಪೂರ್ಣವಾಗಿ ಬದಲಾಗಿ ತಾಳೆ ತಪ್ಪುವುದು. ಗೂಗಲ್ ಸಂಸ್ಥೆಗೆ + ಸಹಿತವಾದ ಸಂಖ್ಯೆಯೂ, ಮೆಟಾ ಸಂಸ್ಥೆಗೆ + ಇಲ್ಲದೆ ದೇಶಸಂಕೇತವಿರುವ ಸಂಖ್ಯೆಯೂ ಬೇಕು. ಪುಸ್ತಕದಲ್ಲಿ ಒಂದೇ ಕ್ರಮವಿದ್ದರೆ ಕಳುಹಿಸುವಾಗ ಬದಲಾಯಿಸುವುದು ಸುಲಭ.

ಸಂಕೇತವಾದ ಮಾತ್ರಕ್ಕೆ ಸಂಖ್ಯೆಯು ಗುಪ್ತವಾಯಿತೆಂದು ತಿಳಿಯಬಾರದು. ಹತ್ತು ಅಂಕಿಗಳ ಸಂಖ್ಯೆಗಳೆಲ್ಲವನ್ನೂ ಯಂತ್ರವು ಒಂದೊಂದಾಗಿ ಪರೀಕ್ಷಿಸಿ ಮೂಲವನ್ನು ಕಂಡುಹಿಡಿಯಬಲ್ಲುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಶಾಸನವು ಒಪ್ಪಿಗೆಗೂ, ಅದನ್ನು ಹಿಂತೆಗೆದುಕೊಳ್ಳುವ ಹಕ್ಕಿಗೂ ಪ್ರಾಧಾನ್ಯ ಕೊಟ್ಟಿದೆ. ಹಣ್ಣು ತಲುಪಿಸಲೆಂದು ಪಡೆದ ಸಂಖ್ಯೆಯನ್ನು ಜಾಹೀರಾತಿಗೆ ಬಳಸುವ ಮೊದಲು ಕೇಳತಕ್ಕದ್ದು. ಬೇಡವೆಂದವರ ಹೆಸರನ್ನು ಆ ಪಟ್ಟಿಯಿಂದ ತೆಗೆಯತಕ್ಕದ್ದು.

ಮಾವು ಹೂ ಬಿಡುವ ಕಾಲದಲ್ಲಿಯೇ ಈ ಕೆಲಸವನ್ನು ಮುಗಿಸಿಕೊಂಡರೆ ಕೊಯ್ಲಿನ ಅವಸರದಲ್ಲಿ ತಪ್ಪುಗಳಾಗವು. ಮೊದಲು ಹತ್ತು ಸಾಲುಗಳನ್ನು ತಿದ್ದಿ, ಆ ಹತ್ತು ಮನೆಗಳಿಗೆ ಕರೆ ಮಾಡಿ ಪರೀಕ್ಷಿಸಿ, ಅನಂತರವೇ ಉಳಿದವುಗಳಿಗೆ ಕೈಹಾಕಬೇಕೆಂದು ರೈತಬಾಂಧವರಲ್ಲಿ ಅರಿಕೆ.