ವಿಮಾನದ ಮೈಮೇಲಿನ ನೋಂದಣಿ ಚಿಹ್ನೆ: ಪ್ರಜೆಯು ಅರಿತಿರಬೇಕಾದುದು

ಭಾರತದಲ್ಲಿ ನೋಂದಾಯಿತವಾದ ಪ್ರತಿಯೊಂದು ನಾಗರಿಕ ವಿಮಾನದ ಮೇಲೂ ‘ವಿ’, ‘ಟಿ’ ಎಂಬ ಎರಡು ರೋಮನ್ ಅಕ್ಷರಗಳೂ, ಒಂದು ಅಡ್ಡಗೆರೆಯೂ, ಅದರಾಚೆಗೆ ಮತ್ತೆ ಮೂರು ಅಕ್ಷರಗಳೂ ಕಾಣಬರುತ್ತವೆ. ಮೊದಲನೆಯದು ರಾಷ್ಟ್ರೀಯತೆಯ ಚಿಹ್ನೆ, ಎರಡನೆಯದು ಆ ಒಂದು ವಿಮಾನಕ್ಕೇ ಮೀಸಲಾದ ಚಿಹ್ನೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ಅಂಚೆಯನ್ನು ಹೊತ್ತು ತಂದ ಪುಟ್ಟ ಪುಸ್ ಮಾತ್ ವಿಮಾನವೂ ‘ವಿಟಿ-ಎಡಿಎನ್’ ಎಂಬ ಗುರುತನ್ನು ಧರಿಸಿಯೇ ಹಾರಿತ್ತು.

1944ರ ಷಿಕಾಗೋ ಒಡಂಬಡಿಕೆಯಂತೆ ವಿಮಾನವು ಯಾವ ರಾಷ್ಟ್ರದಲ್ಲಿ ನೋಂದಾಯಿತವೋ ಆ ರಾಷ್ಟ್ರದ್ದೇ ಎನಿಸಿಕೊಳ್ಳುವುದಲ್ಲದೆ, ಏಕಕಾಲದಲ್ಲಿ ಎರಡು ರಾಷ್ಟ್ರಗಳ ನೋಂದಣಿ ಅದಕ್ಕೆ ಸಲ್ಲದು. ಆದಕಾರಣ ವಿದೇಶದ ಸಂಸ್ಥೆಯೊಂದರಿಂದ ಗುತ್ತಿಗೆಗೆ ಪಡೆದ ವಿಮಾನವೂ ಇಲ್ಲಿ ನೋಂದಾಯಿತವಾದೊಡನೆ ಭಾರತೀಯವೇ ಆಗಿ, ಅದರ ಸುರಕ್ಷತೆಯ ಮೇಲ್ವಿಚಾರಣೆಗೆ ನಮ್ಮ ಸರ್ಕಾರವೇ ಬಾಧ್ಯವಾಗುತ್ತದೆ. ಪ್ರಯಾಣಿಕನ ದೃಷ್ಟಿಯಿಂದ ಇದಕ್ಕಿಂತ ಮಹತ್ತ್ವದ ವಿಷಯ ಈ ಶಾಸನದಲ್ಲಿ ಬೇರೊಂದಿಲ್ಲವೆಂದು ನನ್ನ ಅಭಿಪ್ರಾಯ.

ಚಿಹ್ನೆಯನ್ನು ಬರೆಯುವ ಕ್ರಮವನ್ನು ಆ ಒಡಂಬಡಿಕೆಯ ಏಳನೆಯ ಅನುಬಂಧವು ಬಹು ಸೂಕ್ಷ್ಮವಾಗಿ ನಿರೂಪಿಸುತ್ತದೆ. ರೆಕ್ಕೆಯುಳ್ಳ ವಿಮಾನದಲ್ಲಿ ಅದು ರೆಕ್ಕೆಯ ಅಡಿಭಾಗದ ಎಡ ಅರ್ಧದಲ್ಲಿ, ಅಕ್ಷರಗಳ ತಲೆಯು ರೆಕ್ಕೆಯ ಮುಂಚೂಣಿಯ ಕಡೆಗಿರುವಂತೆ, ಕನಿಷ್ಠ 50 ಸೆಂಟಿಮೀಟರ್ ಎತ್ತರದಲ್ಲಿರತಕ್ಕದ್ದು. ಒಡಲಿನ ಎರಡು ಪಕ್ಕಗಳಲ್ಲಾಗಲಿ ಬಾಲದ ಲಂಬಫಲಕದ ಮೇಲಾಗಲಿ ಬರೆದಾಗ 30 ಸೆಂಟಿಮೀಟರಿಗೆ ಕಡಮೆಯಾಗಕೂಡದು. ಅಕ್ಷರಗಳು ಅಲಂಕಾರರಹಿತವಾಗಿ, ಹಿನ್ನೆಲೆಗೆ ವ್ಯತಿರಿಕ್ತವಾದ ಬಣ್ಣದಲ್ಲಿ, ಗೆರೆಯ ದಪ್ಪವು ಎತ್ತರದ ಆರರಲ್ಲೊಂದು ಪಾಲಾಗಿರುವಂತೆ ಇದ್ದು, ಸದಾ ಶುಭ್ರವಾಗಿಯೂ ಸ್ಪಷ್ಟವಾಗಿಯೂ ಕಾಣುತ್ತಿರಬೇಕು. ಆಪತ್ಸೂಚಕವಾದ ‘ಎಸ್‌ಓಎಸ್’ ಮುಂತಾದ ಅಕ್ಷರಸಂಯೋಗಗಳಿಗೆ ಎಡೆಯಿಲ್ಲ. ಬೆಂಕಿಯಲ್ಲಿಯೂ ಕರಗದ ಲೋಹಫಲಕವೊಂದರಲ್ಲಿ ಇದೇ ಚಿಹ್ನೆಯನ್ನು ಕೊರೆದು ಪ್ರವೇಶದ್ವಾರದ ಸಮೀಪದಲ್ಲಿ ಭದ್ರಪಡಿಸತಕ್ಕದ್ದೆಂಬ ವಿಧಿಯನ್ನು ಓದುವಾಗ, ಉಳಿದುದೆಲ್ಲ ಬೂದಿಯಾದರೂ ವಿಮಾನದ ಗುರುತು ಅಳಿಯಬಾರದೆಂಬ ಶಾಸನಕರ್ತರ ದೂರದೃಷ್ಟಿ ಮನಸ್ಸನ್ನು ತಟ್ಟುತ್ತದೆ.

ನಮ್ಮಲ್ಲಿ 1937ರ ವಿಮಾನ ನಿಯಮಗಳ ಪ್ರಕಾರ ನೋಂದಣಿಯಿಲ್ಲದ ಅಥವಾ ಚಿಹ್ನೆಯಿಲ್ಲದ ವಿಮಾನವನ್ನು ಹಾರಿಸುವುದು ಮಾತ್ರವಲ್ಲ, ಹಾರಿಸಲು ನೆರವಾಗುವುದೂ ನಿಷಿದ್ಧ. 1934ರ ವಿಮಾನ ಕಾಯಿದೆಯ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮವು 2025ರ ಜನವರಿ 1ರಿಂದ ಜಾರಿಯಲ್ಲಿದೆ. ನೋಂದಣಿ ಪತ್ರವನ್ನು ಕೊಡುವ ಅಧಿಕಾರವು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ್ದು. ಹಳೆಯ ವಿಮಾನವನ್ನು ಕೊಳ್ಳುವವನು ಚಿಹ್ನೆ, ಲೋಹಫಲಕ, ನೋಂದಣಿ ಪತ್ರ ಈ ಮೂರೂ ಒಂದಕ್ಕೊಂದು ಹೊಂದುತ್ತವೆಯೇ ಎಂಬುದನ್ನು ಸ್ವತಃ ನೋಡದೆ ಹಣವನ್ನು ಕೊಡಬಾರದು.

ವಿಮಾನವೊಂದು ನಿಮ್ಮ ಊರಿನ ಮೇಲೆ ಅಪಾಯಕರವಾಗಿ ತಗ್ಗಿ ಹಾರಿದರೆ, ಅದರ ಚಿಹ್ನೆ, ಸ್ಥಳ, ದಿನಾಂಕ, ವೇಳೆ, ಸಾಗಿದ ದಿಕ್ಕು ಇವನ್ನು ಕೂಡಲೇ ಬರೆದಿಟ್ಟು, ಸಾಧ್ಯವಾದರೆ ಛಾಯಾಚಿತ್ರವನ್ನೂ ಸೇರಿಸಿ ಮಹಾನಿರ್ದೇಶನಾಲಯಕ್ಕೆ ದೂರು ಸಲ್ಲಿಸಬಹುದು. ಬೆಂಗಳೂರಿನಲ್ಲಿಯೂ ಅದರ ಕಚೇರಿಯುಂಟು. ಯಲಹಂಕದ ವಾಯುನೆಲೆಯಿಂದ ಏರುವ ಸೇನಾವಿಮಾನಗಳು ಈ ನಿಯಮಗಳಿಗೆ ಒಳಪಡುವುದಿಲ್ಲವಾದುದರಿಂದ ಅವುಗಳ ವಿಷಯವನ್ನು ವಾಯುಪಡೆಗೇ ತಿಳಿಸಬೇಕು. ದೂರಿನ ಗತಿಯೇನಾಯಿತೆಂದು ತಿಳಿಯದಿದ್ದಲ್ಲಿ 2005ರ ಮಾಹಿತಿ ಹಕ್ಕು ಅಧಿನಿಯಮದ ಮೇರೆಗೆ 10 ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿದರೆ, ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡುವುದು ಅಧಿಕಾರಿಯ ಕರ್ತವ್ಯ.